ಆ ಗಾಳಿ ಹೊಸದಲ್ಲ

ನಮಸ್ಕಾರ. ತಾವು ಗೇ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಹಾಡುವ ಜಪಾನಿನ ಗಾಯಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇದು ಅಮೆರಿಕದಿಂದ ಬೀಸಿದ ಗಾಳಿ ಅಲ್ವಾ? ಹಾಡುವವರು ಸುಮ್ನೆ ಹಾಡಿದರೆ ಸಾಲದೇ?

ಗಾಳಿ ಹೊಸದಲ್ಲ. ಗಾಯಕ ಅಕಿಹಿರೊ ಮಿವಾ ನಾಗಸಾಕಿಯವರು. ಹತ್ತನೇ ವಯಸ್ಸಿನಲ್ಲಿ ಅಣುಬಾಂಬಿನಿಂದ ಬದುಕಿ ಉಳಿದವರು. 1957ರಲ್ಲೇ ಹೆಸರು ಮಾಡಿದ್ದರು, ತಾವು ಗೇ ಎಂದು ಆ ಕಾಲದಲ್ಲೇ ಹೇಳಿದರು. ಹೇಳಿದ ಮೇಲೆ ಬೇಡಿಕೆ ಕುಸಿಯಿತು. ಮತ್ತೆ ಕೈಹಿಡಿದದ್ದು ಅವರೇ ಬರೆದ ‘ಯೊಯ್ತೊಮಾಕೆ ನೊ ಉತಾ’. ಪಾಯದ ನೆಲ ಗಟ್ಟಿ ಮಾಡಲು ಗಂಡಸರ ಜೊತೆ ಹಗ್ಗ ಎಳೆಯುವ ಕೂಲಿ ತಾಯಿ, ಅದಕ್ಕೇ ಶಾಲೆಯಲ್ಲಿ ಹಂಗಿಸಿಕೊಳ್ಳುವ ಮಗ, ಇವರಿಬ್ಬರ ಹಾಡು ಅದು. ಕೂಲಿಯವರನ್ನು ಕರೆಯುವ ಒರಟು ಮಾತು ಇದೆಯೆಂದು ಖಾಸಗಿ ವಾಹಿನಿಗಳು ಅದನ್ನು ಬಹಳ ಕಾಲ ಹಾಕಲಿಲ್ಲ. 2012ರ ಡಿಸೆಂಬರ್ 31ರ ರಾತ್ರಿ, ದೇಶವೇ ಟಿವಿ ಮುಂದೆ ಕೂರುವ, ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯ ಕೊಹಾಕು ಹಾಡಿನ ಕಾರ್ಯಕ್ರಮದಲ್ಲಿ, 77ರ ಮಿವಾ ಅದನ್ನು ಹಾಡಿದರು. ಯಾವಾಗಲೂ ಹಳದಿ ಕೂದಲಲ್ಲಿ ಕಾಣುವವರು ಅಂದು ಕಪ್ಪು ಕೂದಲು, ಕಪ್ಪು ಬಟ್ಟೆಯಲ್ಲಿ ಬಂದು ನಿಂತಿದ್ದರು. ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎರಡನೇ ಪ್ರಶ್ನೆ ಕಷ್ಟದ್ದು. ಅಭಿಮಾನಿಗಳು ಆರಾಧಿಸಲೆಂದೇ ಬೆಳೆಸುವ ಯುವ ಗಾಯಕರನ್ನು ಜಪಾನಿನಲ್ಲಿ ‘ಐಡಲ್’ ಅನ್ನುತ್ತಾರೆ. ಆ ವ್ಯಾಪಾರದಲ್ಲಿ ಹಾಡಿನಷ್ಟೇ ಮಾರಾಟವಾಗುವುದು ಒಂದು ಕನಸು: ಈ ಹುಡುಗ ನನ್ನವನು ಅನ್ನುವ ಕನಸು. ಅವನು ಯಾರನ್ನೂ ಪ್ರೀತಿಸುವ ಹಾಗಿಲ್ಲ. ಅಂದಮೇಲೆ ಇನ್ನೊಬ್ಬ ಹುಡುಗನನ್ನು? ಎಎಎ ಎಂಬ ಪಾಪ್ ತಂಡದ ಶಿಂಜಿರೊ ಅತಾಯೆ 2005ರಲ್ಲಿ ಬೆಳಕಿಗೆ ಬಂದವರು. 2023ರ ಜುಲೈ 26ರಂದು ಟೋಕಿಯೊದ ಶಿಬುಯಾದಲ್ಲಿ ಸುಮಾರು 2000 ಅಭಿಮಾನಿಗಳ ಮುಂದೆ ಬರೆದು ತಂದ ಕಾಗದ ಓದಿ ತಾವು ಗೇ ಎಂದು ಹೇಳಿಕೊಂಡರು. ನಡುವೆ 18 ವರ್ಷ ಹೋಗಿತ್ತು. ಆ ಮೌನವೂ ಹಾಡುಗಾರನ ಕೆಲಸದ ಭಾಗವೇ ಆಗಿತ್ತು. ಸುಮ್ನೆ ಹಾಡುವುದು ಅಂದರೆ ಇದು.

ಸ್ವತಂತ್ರವಾಗಿ ಹಾಡುವವರು ಈ ಲೆಕ್ಕದಿಂದಲೇ ಹೊರಗೆ ಬಂದವರು. ಶಿಂಜುಕು ನಿಚೋಮೆ ಟೋಕಿಯೊದ ಗೇ ಬಾರ್‌ಗಳ ಕೇರಿ. ಅದರ ಹೆಸರನ್ನೇ ಇಟ್ಟುಕೊಂಡು ‘ನಿಚೋಮೆ ನೊ ಸಾಕಿಗಾಕೆ ಕಮಿಂಗ್ ಔಟ್’ ಎಂಬ ಗೇ ಐಡಲ್ ತಂಡ ಹುಟ್ಟಿತು. ಕಮಿಂಗ್ ಔಟ್ ಅಂದರೆ ತಾನು ಗೇ ಎಂದು ಬಾಯಿಬಿಟ್ಟು ಹೇಳುವುದು. ಇಂಥ ಸಣ್ಣ ಗಾಯಕರ, ತಂಡಗಳ ದಾರಿ ಮಾತ್ರ ಸುಲಭದ್ದಲ್ಲ. ‘ಲೈವ್ ಹೌಸ್’ ಅನ್ನುವ ಪುಟ್ಟ ಸಭಾಂಗಣಗಳಲ್ಲಿ ಎಷ್ಟೋ ಕಡೆ ‘ನೊರುಮಾ’ ಇರುತ್ತದೆ: ಇಷ್ಟು ಟಿಕೆಟ್ ಮಾರಲೇಬೇಕು, ಉಳಿದರೆ ದುಡ್ಡು ಹಾಡುವವನ ಜೇಬಿನಿಂದ. ಐಡಲ್‌ಗಳಾದರೆ ಹಾಡು ಮುಗಿದ ಮೇಲೆ ಮೇಜು ಹಾಕಿ, ದುಡ್ಡು ಪಡೆದು ಅಭಿಮಾನಿಯ ಜೊತೆ ನಿಂತು ‘ಚೆಕಿ’ ತೆಗೆಸಿಕೊಳ್ಳುತ್ತಾರೆ. ಅಲ್ಲೇ ಮೂಡುವ ಪುಟ್ಟ ಫೋಟೊ ಅದು. ಹೊಟ್ಟೆಪಾಡಿಗೆ ಅದೇ ಜಾಸ್ತಿ ಆಸರೆ.

ಮೊದಲು ಮಿವಾ ಅವರ ಆ ಹಾಡು ಕೇಳಿ. ಭಾಷೆ ಬರದಿದ್ದರೂ ಪರವಾಗಿಲ್ಲ. ಶುರುವಿನಲ್ಲೇ ಹಗ್ಗ ಎಳೆಯುವವರ ಕೂಗು ಬರುತ್ತದೆ, ‘ಎನ್ಯಾಕೋರಾ’ ಅಂತ. ಕೇಳಿ ನನಗೆ ಮತ್ತೆ ಬರೆಯಿರಿ.

— ಸಂಪಾದಕ