ಸೋಲಾರ್ ಕೂರಿಸಲು ಮನೆಯ ಎಲೆಕ್ಟ್ರಿಷಿಯನ್ ಸಾಕೇ?

ಪ್ರಶ್ನೆ: ತಾರಸಿಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದೇವೆ. ಪ್ಯಾನೆಲ್, ಇನ್ವರ್ಟರ್ ನಾವೇ ತಂದರೆ ಕೂರಿಸಿಕೊಡುತ್ತೇನೆಂದು ಮನೆಗೆ ವೈರಿಂಗ್ ಮಾಡಿದವರು ಹೇಳುತ್ತಾರೆ. ದುಡ್ಡು ಉಳಿಯುತ್ತದಲ್ಲವೇ?
— ಓದುಗರು, ಉಡುಪಿ

ಉತ್ತರ: ಉಳಿಯುವುದಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ಸಿಗುವ 78,000 ರೂಪಾಯಿ ಸಬ್ಸಿಡಿ ಬೇಕಿದ್ದರೆ ನೋಂದಾಯಿತ ವೆಂಡರೇ ಕೂರಿಸಬೇಕು, ಪ್ಯಾನೆಲ್ ದೇಶೀಯ ಸೆಲ್‌ಗಳದ್ದೇ ಆಗಿರಬೇಕು. ಕೂಲಿಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಅಲ್ಲಿಯೇ ಹೋಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಪ್ಯಾನೆಲ್‌ನಿಂದ ಬರುವ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. 540 ವ್ಯಾಟ್‌ನ ಆರು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಸುಮಾರು 300 ವೋಲ್ಟ್ ಬರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುವುದರಿಂದ ಕಿಡಿ ಹೊತ್ತಿದರೂ ಆರಿಹೋಗುವ ಸಂಭವ ಹೆಚ್ಚು. ಡಿಸಿ ಸೊನ್ನೆಗಿಳಿಯುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಪ್ಯಾನೆಲ್ ವೈರುಗಳನ್ನು ಸೇರಿಸುವ ಎಂಸಿ4 ಕನೆಕ್ಟರನ್ನು ಅದರದ್ದೇ ಕ್ರಿಂಪಿಂಗ್ (ಒತ್ತಿ ಬಿಗಿಯುವ) ಟೂಲ್ ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದರೆ, ಅಥವಾ ಒಂದು ಕಂಪನಿಯ ಗಂಡು ಕನೆಕ್ಟರಿಗೆ ಇನ್ನೊಂದರ ಹೆಣ್ಣು ಸೇರಿಸಿದರೆ, ಜಾಯಿಂಟ್ ಸಡಿಲವಾಗಿ ಬಿಸಿಯೇರಿ ಕರಗುತ್ತದೆ. ಎಸಿಗೆ ಮಾಡಿದ ಎಂಸಿಬಿಯನ್ನು (ದೋಷವಾದರೆ ಕರೆಂಟು ಕಡಿಯುವ ಸ್ವಿಚ್ಚನ್ನು) ಡಿಸಿ ಕಡೆ ಹಾಕುವುದೂ ಅಷ್ಟೇ ಅಪಾಯ. ವೈರಿಂಗ್‌ನಲ್ಲಿ ಪಳಗಿದ ಕೈಯೇ ಆದರೂ ಇದನ್ನು ಬೇರೆಯಾಗಿ ಕಲಿತಿರಬೇಕು.

ನೆರಳಿನ ಲೆಕ್ಕಕ್ಕೂ ತಿಳಿದವರು ಬೇಕು. ಏಪ್ರಿಲ್ ಕೊನೆಯ ಮಧ್ಯಾಹ್ನ ನಿಮ್ಮೂರಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ತಾರಸಿಯಲ್ಲಿ ನೆರಳೇ ಕಾಣದು. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲಿದಾಗ 3 ಮೀಟರ್ ಎತ್ತರದ ಮೆಟ್ಟಿಲಕೋಣೆ ನಡುಮಧ್ಯಾಹ್ನವೂ ಉತ್ತರಕ್ಕೆ ಎರಡೂಕಾಲು ಮೀಟರ್ ನೆರಳು ಚಾಚುತ್ತದೆ. ದಕ್ಷಿಣದ ತೆಂಗಿನಮರಗಳದ್ದು ಇನ್ನೂ ಉದ್ದ. ಬೇಸಿಗೆಯಲ್ಲಿ ಬಂದು ಟೇಪ್ ಹಿಡಿದು ಜಾಗವನ್ನಷ್ಟೇ ಅಳೆದುಹೋದವರಿಗೆ ಕೆಲಸ ಕೊಡಬೇಡಿ.

ಕರಾವಳಿಯ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ತಡೆಯದು. ಸ್ಟ್ಯಾಂಡ್ ಹಾಟ್ ಡಿಪ್ ಗ್ಯಾಲ್ವನೈಸ್ ಆದದ್ದು (ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು) ಇರಲಿ, ಬೋಲ್ಟ್‌ಗಳು ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಸ್ಥಳದಲ್ಲಿ ಕೊರೆದು ವೆಲ್ಡಿಂಗ್ ಮಾಡಿದರೆ ತುಕ್ಕು ಅಲ್ಲಿಂದಲೇ ಶುರು. ಸ್ಲ್ಯಾಬ್ ಕೊರೆದ ಕಡೆ ಸರಿಯಾಗಿ ಮುಚ್ಚದಿದ್ದರೆ ಮೊದಲ ಮಳೆಗಾಲಕ್ಕೇ ಸೋರುತ್ತದೆ.

ಕೊನೆಯ ಕಂತು ಕೊಡುವ ಮೊದಲು ಅರ್ಥಿಂಗ್ ನೋಡಿ. ಸಿಡಿಲು ನಿರೋಧಕಕ್ಕೆ, ಡಿಸಿಗೆ, ಎಸಿಗೆ ಬೇರೆ ಬೇರೆ ಗುಂಡಿ, ಒಟ್ಟು ಮೂರು ಇರಬೇಕು. ನಿಮ್ಮೆದುರೇ ಅವುಗಳ ರೋಧ ಅಳೆಸಿ, 5 ಓಮ್‌ಗಿಂತ ಕಡಿಮೆಯಿದೆಯೇ ಎಂದು ಬರೆಸಿಕೊಳ್ಳಿ. ಮೆಸ್ಕಾಂ ಅರ್ಜಿ, ಬರುವ, ಹೋಗುವ ಕರೆಂಟು ಎರಡನ್ನೂ ಅಳೆಯುವ ಮೀಟರ್, 5 ವರ್ಷದ ನಿರ್ವಹಣೆ ಒಪ್ಪಂದದಲ್ಲೇ ಇರಲಿ. ನಿಮ್ಮ ಎಲೆಕ್ಟ್ರಿಷಿಯನ್ ಬೇಡವೆಂದಲ್ಲ: ಮನೆಯೊಳಗಿನ ಹಳೆಯ ವೈರಿಂಗ್ ಪರೀಕ್ಷೆಗೆ ಅವರೇ ಸರಿ.

ಪ್ರಶ್ನೆ: ಕರೆಂಟ್ ಹೋದರೆ ನಮ್ಮ ಸೋಲಾರೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವೂ. ಕೂರಿಸಿದ್ದರಲ್ಲಿ ದೋಷವೇ?
— ಓದುಗರು, ಶಿರಸಿ

ಉತ್ತರ: ದೋಷವಲ್ಲ. ಆನ್‌ಗ್ರಿಡ್ (ವಿದ್ಯುತ್ ಲೈನಿಗೆ ಜೋಡಿಸಿದ) ಇನ್ವರ್ಟರ್ ಹಾಗೆಯೇ ನಿಲ್ಲಬೇಕು. ಇಲ್ಲವಾದರೆ ನಿಮ್ಮ ಕರೆಂಟು ಲೈನಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಅಪಾಯ. ಕರೆಂಟ್ ಇಲ್ಲದಾಗಲೂ ಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಹೆಚ್ಚು. ಇದನ್ನು ಕರಾರಿಗೆ ಮೊದಲೇ ನಿಮಗೆ ಬಿಡಿಸಿ ಹೇಳುವುದು ಕೂರಿಸುವವರ ಕರ್ತವ್ಯವಾಗಿತ್ತು.