ಮೊದಲ ಸಂಬಳದಲ್ಲಿ ಕಟ್ ಆದ ಆ 600 ಪೌಂಡ್

ನಿಮ್ಮ ಪ್ರಶ್ನೆ ಓದಿದೆ. ಸೆಪ್ಟೆಂಬರ್ ಒಂದಕ್ಕೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದೀರಿ. ಅದಕ್ಕೆ ಮುಂಚೆ ಆಗಸ್ಟ್‌ವರೆಗೂ ಬೆಂಗಳೂರಿನಲ್ಲಿ ದುಡಿಯುತ್ತಿದ್ದಿರಿ. ತಿಂಗಳಿಗೆ 3,000 ಪೌಂಡ್ ಸಂಬಳ. ಮೊದಲ ಪೇಸ್ಲಿಪ್ ನೋಡಿದರೆ 600 ಪೌಂಡ್ ಟ್ಯಾಕ್ಸ್ ಹೋಗಿದೆ, ಟ್ಯಾಕ್ಸ್ ಕೋಡ್ ಇರುವ ಕಡೆ ‘0ಟಿ ಎಂ1’ ಎಂದಿದೆ. ‘ಅದು ಎಮರ್ಜೆನ್ಸಿ ಟ್ಯಾಕ್ಸ್, ಹೊಸಬರಿಗೆಲ್ಲ ಹಾಗೇ, ತಾನಾಗೇ ಸರಿಹೋಗುತ್ತೆ’ ಎಂದು ರೂಮ್‌ಮೇಟ್ ಹೇಳಿದ್ದಾರೆ. ಸುಮ್ನೆ ಕಾಯಬೇಕಾ ಅಕ್ಕಾ ಅಂತ ಕೇಳಿದ್ದೀರಿ.

ಕಾಯಬೇಡಿ. ತಾನಾಗಿ ಸರಿಹೋಗುವುದೂ ಉಂಟು, ಆದರೆ ಅದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೋ ಯಾರ ಕೈಯಲ್ಲೂ ಇಲ್ಲ. ಬಾಡಿಗೆ, ಡೆಪಾಸಿಟ್, ಚಳಿಗೆ ಜಾಕೆಟ್ಟು ಎಂದು ಜಾಸ್ತಿ ಖರ್ಚಿರುವುದು ಈಗಲೇ ಅಲ್ವಾ? ನಾನು ಇಲ್ಲಿ ಪೇರೋಲ್, ಅಂದರೆ ಸಂಬಳ ಲೆಕ್ಕ ಹಾಕುವ ಕೆಲಸದಲ್ಲೇ ಇರುವುದರಿಂದ ಪ್ರತಿ ಸೆಪ್ಟೆಂಬರ್‌ನಲ್ಲೂ ಇದನ್ನು ನೋಡುತ್ತೇನೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಲ್ಲಿ ಟ್ಯಾಕ್ಸ್ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ವರ್ಷಕ್ಕೆ 12,570 ಪೌಂಡ್‌ವರೆಗಿನ ದುಡಿಮೆಗೆ ಟ್ಯಾಕ್ಸ್ ಇಲ್ಲ. 2021ರ ಏಪ್ರಿಲ್‌ನಿಂದ ಈ ಮೊತ್ತ ಬದಲಾಗಿಲ್ಲ. ಯಾರ ಸಂಬಳದಲ್ಲಿ ಎಷ್ಟು ಟ್ಯಾಕ್ಸ್ ಹಿಡಿಯಬೇಕು ಎಂದು ಕಂಪನಿಗೆ ತಿಳಿಸುವುದೇ ಟ್ಯಾಕ್ಸ್ ಕೋಡ್. ಬಹಳಷ್ಟು ಜನರ ಕೋಡ್ ‘1257ಎಲ್’ ಆಗಿರುವುದು ಈ 12,570ರಿಂದಲೇ. ವರ್ಷದ ನಡುವೆ ಬಂದು ಇಲ್ಲೇ ನೆಲೆಸಿ ದುಡಿಯುವ ನಿಮ್ಮಂಥವರಿಗೂ ಈ ವಿನಾಯಿತಿ ಪೂರ್ತಿ ಸಿಗುತ್ತದೆ, ತಿಂಗಳ ಲೆಕ್ಕದಲ್ಲಿ ಕಡಿಮೆ ಮಾಡುವುದಿಲ್ಲ. ಹೊಸದಾಗಿ ಬಂದವರಿಗೆ ಗೊತ್ತಿಲ್ಲದೆ ಹೋಗುವುದು ಮುಖ್ಯವಾಗಿ ಇದೇ.

ಈಗ ನಿಮ್ಮದೇ ಲೆಕ್ಕ ಹಾಕೋಣ. ಪೆನ್ಷನ್ ಕಡಿತವನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಸೆಪ್ಟೆಂಬರ್ ಕೊನೆಯ ಸಂಬಳ ಟ್ಯಾಕ್ಸ್ ವರ್ಷದ ಆರನೇ ತಿಂಗಳಿಗೆ ಸೇರುತ್ತದೆ. ಆರು ತಿಂಗಳ ವಿನಾಯಿತಿ ಸೇರಿಸಿದರೆ ಸುಮಾರು 6,285 ಪೌಂಡ್. ನೀವು ದುಡಿದಿರುವುದು 3,000. ಅಂದರೆ ಮಾಮೂಲಿ 1257ಎಲ್ ಕೋಡ್ ಇದ್ದಿದ್ದರೆ ಸೆಪ್ಟೆಂಬರ್‌ನಲ್ಲಿ ಒಂದು ಪೌಂಡ್ ಟ್ಯಾಕ್ಸ್ ಕೂಡ ಕಟ್ ಆಗುತ್ತಿರಲಿಲ್ಲ! ಅಕ್ಟೋಬರ್‌ನಲ್ಲೂ ಇಲ್ಲ. ನವೆಂಬರ್‌ನಲ್ಲಿ ಸುಮಾರು 124 ಪೌಂಡ್, ಡಿಸೆಂಬರ್‌ನಿಂದ ತಿಂಗಳಿಗೆ 390ರ ಆಸುಪಾಸು. ಮಾರ್ಚ್‌ವರೆಗಿನ ಏಳು ಸಂಬಳಕ್ಕೆ ನೀವು ಕಟ್ಟಬೇಕಾದ್ದು ಒಟ್ಟು ಸುಮಾರು 1,686 ಪೌಂಡ್. 0ಟಿ ಕೋಡ್ ಹಾಗೇ ಮುಂದುವರಿದರೆ ತಿಂಗಳಿಗೆ 600ರಂತೆ 4,200 ಆಗುತ್ತದೆ. 2,500 ಪೌಂಡ್‌ಗಿಂತ ಜಾಸ್ತಿ ವ್ಯತ್ಯಾಸ!

0ಟಿ ಎಂದರೆ ವಿನಾಯಿತಿಯೇ ಇಲ್ಲದೆ ಮೊದಲ ಪೌಂಡ್‌ನಿಂದಲೇ ಟ್ಯಾಕ್ಸ್. ಎಂ1 ಎಂದರೆ ಹಿಂದಿನ ತಿಂಗಳುಗಳನ್ನು ನೋಡದೆ ಆ ಒಂದು ತಿಂಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ವಾರಕ್ಕೊಮ್ಮೆ ಸಂಬಳ ಬರುವವರಿಗೆ ಇದೇ ‘ಡಬ್ಲ್ಯೂ1’ ಆಗುತ್ತದೆ, ಕೆಲವು ಕಡೆ ‘ಎಕ್ಸ್’ ಎಂದೂ ಇರುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಇರುವವರ ಕೋಡ್‌ನ ಶುರುವಿನಲ್ಲಿ ‘ಎಸ್’ ಸೇರುತ್ತದೆ, ಅಲ್ಲಿನ ದರವೂ ಬೇರೆ.

ನಿಮಗೆ ಈ ಕೋಡ್ ಯಾಕೆ ಬಿತ್ತು? ಕೆಲಸಕ್ಕೆ ಸೇರುವಾಗ ‘ಪಿ45’ ಕೊಡಬೇಕು, ಅಂದರೆ ಇಲ್ಲಿನ ಹಳೇ ಕಂಪನಿ ಬಿಡುವಾಗ ಸಂಬಳ, ಟ್ಯಾಕ್ಸ್ ವಿವರ ಬರೆದು ಕೊಡುವ ಕಾಗದ. ಇಲ್ಲಿ ಮೊದಲ ಸಲ ಕೆಲಸ ಮಾಡುವವರ ಹತ್ತಿರ ಅದು ಇರುವುದಿಲ್ಲ. ಅದರ ಬದಲಿಗೆ ‘ಸ್ಟಾರ್ಟರ್ ಚೆಕ್‌ಲಿಸ್ಟ್’ ಎಂಬ ಫಾರ್ಮ್ ತುಂಬಬೇಕು. ಸೇರಿದ ದಿನ ಕಳಿಸುವ ಹತ್ತಾರು ಕಾಗದಗಳ ನಡುವೆ ಅದೂ ಇರುತ್ತದೆ, ಯಾರೂ ವಿವರಿಸುವುದಿಲ್ಲ. ಅದರಲ್ಲಿ ಎ, ಬಿ, ಸಿ ಎಂದು ಮೂರು ಹೇಳಿಕೆಗಳಿವೆ. ಏಪ್ರಿಲ್ 6ರಿಂದ ಈಚೆಗೆ ಇದೇ ಮೊದಲ ಕೆಲಸ ಎನ್ನುವುದು ಎ. ಈಚೆಗೆ ಬೇರೆ ಕೆಲಸ ಇತ್ತು, ಈಗಿಲ್ಲ ಎನ್ನುವುದು ಬಿ. ಈಗಲೂ ಇನ್ನೊಂದು ಕೆಲಸವೋ ಪೆನ್ಷನ್ನೋ ಇದೆ ಎನ್ನುವುದು ಸಿ. ಎ ಆರಿಸಿದರೆ ಮಾಮೂಲಿ 1257ಎಲ್. ಬಿ ಆರಿಸಿದರೆ 1257ಎಲ್ ಎಂ1. ಸಿ ಆರಿಸಿದರೆ ‘ಬಿಆರ್’, ಪೂರ್ತಿ ಸಂಬಳಕ್ಕೆ ಶೇ 20. ಏನೂ ತುಂಬದಿದ್ದರೆ ನಿಮಗೆ ಬಂದಿರುವ 0ಟಿ ಎಂ1. ನಿಮ್ಮ ಫಾರ್ಮ್ ಪೇರೋಲ್‌ಗೆ ತಲುಪಿಲ್ಲ, ಇಲ್ಲವೇ ಆ ಜಾಗ ಖಾಲಿ ಉಳಿದಿದೆ ಎಂದೇ ನನಗೆ ಅನಿಸುತ್ತದೆ.

ನಮ್ಮೂರಿಂದ ಬಂದವರು ತಡವರಿಸುವುದು ಬಿ ಹತ್ತಿರ. ಆಗಸ್ಟ್‌ವರೆಗೆ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದೆ, ಅದನ್ನು ಮುಚ್ಚಿಡಬಾರದು ಎಂದು ಪ್ರಾಮಾಣಿಕವಾಗಿ ಬಿ ಆರಿಸುತ್ತಾರೆ. ಆದರೆ ಆ ಫಾರ್ಮ್ ಇಲ್ಲಿನ ಸಂಬಳದ ಟ್ಯಾಕ್ಸ್ ಲೆಕ್ಕಕ್ಕೆ ಇರುವುದು. ಭಾರತದಿಂದ ನೇರವಾಗಿ ಬಂದು, ಇಲ್ಲಿ ಬೇರೆ ಕೆಲಸ ಮಾಡಿಲ್ಲದವರಿಗೆ ಸಾಮಾನ್ಯವಾಗಿ ಹೊಂದುವುದು ಎ. ಅದೇ ಫಾರ್ಮ್‌ನಲ್ಲಿ ಸ್ಟೂಡೆಂಟ್ ಲೋನ್ ಬಗ್ಗೆಯೂ ಕೇಳುತ್ತಾರೆ. ಅದು ಈ ದೇಶದ ಸರ್ಕಾರಿ ಸಾಲದ ವಿಷಯ. ಊರಿನ ಬ್ಯಾಂಕಿನಲ್ಲಿ ಎಜುಕೇಷನ್ ಲೋನ್ ಇದ್ದರೆ ಅದನ್ನು ಅಲ್ಲಿ ಸೇರಿಸಬೇಡಿ, ಸುಮ್ಮನೆ ಇನ್ನೊಂದು ಕಡಿತ ಶುರುವಾಗುತ್ತದೆ.

ಈಗ ಮಾಡಬೇಕಾದ್ದು. ಮೊದಲು ಪೇರೋಲ್‌ನವರಿಗೆ ಒಂದು ಮೇಲ್ ಹಾಕಿ: ನನ್ನ ಚೆಕ್‌ಲಿಸ್ಟ್ ಸಿಕ್ಕಿದೆಯಾ, ಯಾವ ಹೇಳಿಕೆ ದಾಖಲಾಗಿದೆ ಎಂದು ಕೇಳಿ. ಒಂದು ಸಂಬಳ ಆಗಿಬಿಟ್ಟ ಮೇಲೆ ಕೋಡ್ ಬದಲಿಸುವುದು ಹೆಚ್ಚಾಗಿ ಎಚ್‌ಎಂಆರ್‌ಸಿ, ಅಂದರೆ ಇಲ್ಲಿನ ಟ್ಯಾಕ್ಸ್ ಇಲಾಖೆ. ‘ನಮ್ಮ ಕೈಲಿಲ್ಲ’ ಎಂದು ಪೇರೋಲ್‌ನವರು ಹೇಳಿದರೆ ನಿಮ್ಮನ್ನು ಸಾಗಹಾಕುತ್ತಿದ್ದಾರೆ ಎಂದುಕೊಳ್ಳಬೇಡಿ. ಎಚ್‌ಎಂಆರ್‌ಸಿಯ ಆ್ಯಪ್‌ನಲ್ಲೋ ಪರ್ಸನಲ್ ಟ್ಯಾಕ್ಸ್ ಅಕೌಂಟ್‌ನಲ್ಲೋ ನಿಮ್ಮ ಕೆಲಸದ ವಿವರ ನೋಡಿ, ತಪ್ಪಿದ್ದರೆ ತಿಳಿಸಿ. ಅಲ್ಲಿ ಆಗದಿದ್ದರೆ ಫೋನ್ ಮಾಡಿ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಇಲ್ಲಿ ದುಡಿಯುವವರ ಲೆಕ್ಕ ಗುರುತಿಸುವ ನಂಬರ್) ಮತ್ತು ಪೇಸ್ಲಿಪ್ ಎದುರಿಗೆ ಇಟ್ಟುಕೊಳ್ಳಿ. ಆ ನಂಬರ್ ಇನ್ನೂ ಬಂದಿಲ್ಲದಿದ್ದರೆ ಇವತ್ತೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಅದಿಲ್ಲದಿದ್ದರೂ ಕೆಲಸ ಮಾಡಬಹುದು, ಆದರೆ ನಿಮ್ಮ ಲೆಕ್ಕ ನಿಮ್ಮ ಹೆಸರಿಗೆ ಸೇರುವುದು ತಡವಾಗುತ್ತದೆ.

ಹೊಸ ಕೋಡ್ ಕಂಪನಿಗೆ ಬಂದ ತಿಂಗಳೇ ದುಡ್ಡು ಸಂಬಳದ ಜೊತೆ ವಾಪಸ್ ಬರುತ್ತದೆ. ಅಕ್ಟೋಬರ್ ಪೇಸ್ಲಿಪ್‌ಗೆ ಮುಂಚೆ ಬಂದರೆ ಟ್ಯಾಕ್ಸ್ ಸಾಲಿನಲ್ಲಿ ಮೈನಸ್ 600 ಕಾಣುತ್ತದೆ. ಕೋಡ್ ಬರಿ 1257ಎಲ್ ಎಂದಿರಬೇಕು. ಅದರ ಜೊತೆ ಇನ್ನೂ ಎಂ1 ಉಳಿದಿದ್ದರೆ ಹಿಂದಿನ ತಿಂಗಳ ದುಡ್ಡು ಬರುವುದಿಲ್ಲ, ಮತ್ತೆ ವಿಚಾರಿಸಿ. ಪೇಸ್ಲಿಪ್‌ನಲ್ಲಿ ಸುಮಾರು 156 ಪೌಂಡ್ ನ್ಯಾಷನಲ್ ಇನ್ಶೂರೆನ್ಸ್ ಎಂದೂ ಇರಬೇಕು, ಅದು ಸರ್ಕಾರಿ ಪೆನ್ಷನ್ ಮುಂತಾದವಕ್ಕೆ ಹೋಗುವ ಬೇರೆ ಕಡಿತ. ಅದು ಸರಿಯಾಗಿಯೇ ಇದೆ. ಅದಕ್ಕೂ ಟ್ಯಾಕ್ಸ್ ಕೋಡ್‌ಗೂ ಸಂಬಂಧವಿಲ್ಲ, ಅದು ವಾಪಸ್ ಬರುವುದಿಲ್ಲ.

ಏಪ್ರಿಲ್ 5ರೊಳಗೆ ಸರಿಹೋಗದಿದ್ದರೂ ದುಡ್ಡು ಮುಳುಗುವುದಿಲ್ಲ. ವರ್ಷ ಮುಗಿದ ಮೇಲೆ ಕಂಪನಿ ‘ಪಿ60’ ಕೊಡುತ್ತದೆ, ನಮ್ಮ ಫಾರ್ಮ್ 16 ಇದ್ದ ಹಾಗೆ. ಆಮೇಲೆ ಎಚ್‌ಎಂಆರ್‌ಸಿ ಲೆಕ್ಕ ತಾಳೆ ನೋಡಿ ಜಾಸ್ತಿ ಕಟ್ಟಿದ್ದನ್ನು ತಿಳಿಸುತ್ತದೆ. ನಾಲ್ಕು ವರ್ಷ ಹಿಂದಿನವರೆಗೂ ಕೇಳಿ ಪಡೆಯಬಹುದು. ಇದಕ್ಕೆ ಯಾವ ಏಜೆಂಟೂ ಬೇಡ. ರೀಫಂಡ್ ಕೊಡಿಸುತ್ತೇವೆ ಎಂದು ಕಮಿಷನ್ ಹಿಡಿಯುವ ಕಂಪನಿಗಳ ಜಾಹೀರಾತು ನಿಮ್ಮ ಫೋನಿನಲ್ಲಿ ಕಾಣಿಸುತ್ತವೆ. ‘ಟ್ಯಾಕ್ಸ್ ರೀಫಂಡ್ ಬಂದಿದೆ, ಇಲ್ಲಿ ಒತ್ತಿ’ ಎಂಬ ಮೆಸೇಜುಗಳೂ ಬರುತ್ತವೆ. ಆ ಲಿಂಕುಗಳನ್ನು ಮುಟ್ಟಲೇಬೇಡಿ, ಆ್ಯಪ್ ತೆರೆದು ನೀವೇ ನೋಡಿ. ಅಕ್ಟೋಬರ್ ಪೇಸ್ಲಿಪ್ ಬಂದ ಮೇಲೆ ಕೋಡ್ ಏನಾಯಿತು ಎಂದು ನನಗೆ ತಿಳಿಸಿ. ಆಗಲೂ 0ಟಿ ಇದ್ದರೆ ಎಚ್‌ಎಂಆರ್‌ಸಿಗೆ ಏನು ಹೇಳಬೇಕು ಎನ್ನುವುದನ್ನು ಕೂತು ಬರೆದುಕೊಳ್ಳೋಣ.