ಹೊಡೆದದ್ದು 894, ಹೊಡೆಸಿದ್ದು 1,963

ಪತ್ರ: 2025ರ ಏಪ್ರಿಲ್ 6ರಂದು ಅಲೆಕ್ಸ್ ಒವೆಚ್ಕಿನ್ 895ನೇ ಗೋಲು ಹೊಡೆದು ವೇಯ್ನ್ ಗ್ರೆಟ್ಸ್ಕಿಯ ದಾಖಲೆ ಮುರಿದರು. ಆದರೂ ನೀವು ಗ್ರೆಟ್ಸ್ಕಿಯೇ ಐಸ್ ಹಾಕಿಯ ದೊರೆ ಅಂತ ಬರೆಯುತ್ತೀರಿ. ಇದು ಹಳೆಯ ಮೋಹ ಅಲ್ವಾ?
(ಓದುಗರೊಬ್ಬರು, ಶಿವಮೊಗ್ಗ)

ಸಂಪಾದಕರ ಉತ್ತರ: ತಾರೀಖು, ಅಂಕಿ ಎರಡನ್ನೂ ಸರಿಯಾಗಿ ಬರೆದಿದ್ದೀರಿ, ಖುಷಿಯಾಯಿತು. ಒವೆಚ್ಕಿನ್ ದೊಡ್ಡ ಆಟಗಾರರೇ, ಎರಡು ಮಾತಿಲ್ಲ. ಆದರೆ ಆ 895ನೇ ಗೋಲಿಗೆ ಪಾಸ್ ಕೊಟ್ಟವರು ಯಾರು ಸ್ವಾಮಿ? ಟಾಮ್ ವಿಲ್ಸನ್. ನಿಮ್ಮ ಪತ್ರದಲ್ಲಿ ಅವರ ಹೆಸರೇ ಇಲ್ಲ. ನನಗೆ ಬೇಸರ ಇರುವುದು ಅಲ್ಲೇ.

ಗ್ರೆಟ್ಸ್ಕಿ ಹೊಡೆದ ಗೋಲು 894. ಪಾಸ್ ಕೊಟ್ಟು ಬೇರೆಯವರಿಂದ ಹೊಡೆಸಿದ್ದು 1,963! ಇದಕ್ಕೆ ಅಸಿಸ್ಟ್ ಅನ್ನುತ್ತಾರೆ. ಗೋಲಿಗೊಂದು ಪಾಯಿಂಟ್, ಅಸಿಸ್ಟಿಗೊಂದು ಪಾಯಿಂಟ್. ಅವರ ಗೋಲುಗಳನ್ನೆಲ್ಲ ಅಳಿಸಿಬಿಡಿ, ಆಗಲೂ ಎನ್‌ಎಚ್‌ಎಲ್ ಎಂಬ ಅಮೆರಿಕ-ಕೆನಡಾ ಐಸ್ ಹಾಕಿ ಲೀಗಿನ ಪಾಯಿಂಟ್ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಎರಡನೆಯವರಾದ ಯಾರೊಮಿರ್ ಯಾಗ್ರ್‌ಗೆ ಗೋಲು, ಅಸಿಸ್ಟ್ ಎಲ್ಲ ಕೂಡಿಸಿದರೂ 1,921.

ಪಾಸ್ ಎಲ್ಲಿಗೆ ಕೊಡಬೇಕೆಂದು ಕಾಣುವ ಈ ಕಣ್ಣು ಗ್ರೆಟ್ಸ್ಕಿಗೆ ಬಂದದ್ದು ಕೆನಡಾದ ಬ್ರಾಂಟ್‌ಫರ್ಡ್‌ನ ಮನೆಯಲ್ಲಿ. ಅಪ್ಪ ವಾಲ್ಟರ್ ಟೆಲಿಫೋನ್ ಕಂಪನಿಯ ನೌಕರ. ಚಳಿಗಾಲದಲ್ಲಿ ಹಿತ್ತಲಿಗೆ ನೀರು ಹಾಯಿಸಿ, ಅದು ಹೆಪ್ಪುಗಟ್ಟಿದ ಮೇಲೆ ಡಬ್ಬಗಳನ್ನಿಟ್ಟು ಮಗನನ್ನು ಅವುಗಳ ನಡುವೆ ಓಡಾಡಿಸುತ್ತಿದ್ದರು. ಟಿವಿಯಲ್ಲಿ ಪಂದ್ಯ ಬಂದರೆ ಹುಡುಗನ ಕೈಯಲ್ಲಿ ಪೆನ್ಸಿಲ್. ಹಾಳೆಯ ಮೇಲೆ ರಿಂಕ್ (ಐಸ್ ಹಾಕಿಯ ಅಂಕಣ) ಬರೆದುಕೊಂಡು, ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೋದ ಕಡೆಯೆಲ್ಲ ಗೆರೆ ಎಳೆಯುತ್ತಾ ಕೂರುತ್ತಿದ್ದ. ಎಲ್ಲಿ ಗೆರೆ ಜಾಸ್ತಿ, ಎಲ್ಲಿ ಖಾಲಿ ಅಂತ ಹಾಳೆಯೇ ಹೇಳುತ್ತಿತ್ತು.

ಮುಂದೆ ಎಡ್ಮಂಟನ್ ಆಯಿಲರ್ಸ್ ತಂಡದಲ್ಲಿ ಎದುರಾಳಿ ಗೋಲಿನ ಹಿಂಭಾಗವೇ ಅವರ ಠಿಕಾಣಿಯಾಯಿತು. ಜನ ಅದನ್ನು ಗ್ರೆಟ್ಸ್ಕಿ ಆಫೀಸ್ ಅಂತಲೇ ಕರೆದರು. ಅಲ್ಲಿಂದ ನೇರವಾಗಿ ಗೋಲು ಹೊಡೆಯಲು ಆಗುವುದಿಲ್ಲ. ಆದರೆ ಮುಂದಿರುವವರೆಲ್ಲ ಕಾಣುತ್ತಾರೆ. ಗೋಲ್‌ಕೀಪರ್ ಕತ್ತು ಹಿಂದೆ ತಿರುಗಿಸುವಷ್ಟರಲ್ಲಿ ಪಕ್ ಮುಂದೆ ಜೊತೆ ಆಟಗಾರ ಯಾರಿ ಕುರ್ರಿಯ ಕೋಲಿಗೆ ತಲುಪಿರುತ್ತಿತ್ತು. 1984, 85, 87, 88, ನಾಲ್ಕು ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಕಪ್) ಬಂದದ್ದು ಸುಮ್ನೆ ಅಲ್ಲ.

ನಮ್ಮಲ್ಲಿ ಇದಕ್ಕೆ ಬೆಲೆಯೇ ಇಲ್ಲ. ಹಿಂದೊಮ್ಮೆ ಒಂದು ಶಾಲೆಯ ಹಾಕಿ ಪಂದ್ಯಕ್ಕೆ ಹೋಗಿದ್ದೆ. ಮೂರು ಗೋಲು ಹೊಡೆದ ಹುಡುಗನಿಗೆ ಹಾರ, ಕಪ್, ಫೋಟೋ. ಮೂರಕ್ಕೂ ಚೆಂಡು ತಂದುಕೊಟ್ಟ ಸಣಕಲು ಹುಡುಗ ಮೂಲೆಯಲ್ಲಿ ಕೂತು ಶೂ ಲೇಸು ಬಿಚ್ಚುತ್ತಿದ್ದ. ಮೈಕಿನಲ್ಲಿ ಅವನ ಹೆಸರು ಒಂದು ಸಲವೂ ಬರಲಿಲ್ಲ. ಮರುದಿನದ ಪೇಪರಿನಲ್ಲೂ ಇಲ್ಲ. ಕಚೇರಿ, ಮನೆ, ಸಂಘ ಎಲ್ಲಿ ನೋಡಿದರೂ ಇದೇ ಕಥೆ, ಬಡಿಸಿದವರಿಗೆ ಹೊಗಳಿಕೆ, ಬೇಯಿಸಿದವರನ್ನು ಕೇಳುವವರಿಲ್ಲ.

ಎನ್‌ಎಚ್‌ಎಲ್‌ನವರು ಒಂದು ಗೋಲಿಗೆ ಇಬ್ಬರವರೆಗೂ ಅಸಿಸ್ಟ್ ಬರೆದಿಡುತ್ತಾರೆ. ನೀವು ಹೇಳಿದ 895ನೇ ಗೋಲಿಗೆ ವಿಲ್ಸನ್ ಜೊತೆ ಜೇಕಬ್ ಚಿಕ್ರನ್ ಹೆಸರೂ ಇದೆ. ದಯವಿಟ್ಟು ಅದನ್ನೂ ಬರೆದಿಟ್ಟುಕೊಳ್ಳಿ.